ಕೇಳದ ಪ್ರಶ್ನೆಗೆ ಉತ್ತರ

ಗೃಹಸ್ಥನು ತನ್ನ ಆಯುಷ್ಯದಲ್ಲಿ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ವಿವಾಹವನ್ನು ಬಿಟ್ಟರೆ ಬಹುಶಃ ಗೃಹಸಾಲವೇ ಅತಿ ದೀರ್ಘವಾದುದು. 40 ಲಕ್ಷ ರೂಪಾಯಿಗಳನ್ನು ಶೇಕಡಾ 8.5ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಬಡ್ಡಿದರ ಏರದೆ ಇದ್ದರೂ ಕೊನೆಗೆ ತೆತ್ತ ಮೊತ್ತ 83 ಲಕ್ಷವನ್ನು ಮೀರುತ್ತದೆ. ಇಷ್ಟು ದೀರ್ಘಕಾಲದ ಭರವಸೆಯನ್ನು ಬ್ಯಾಂಕು ಅಳೆಯುವುದು ಮಾತ್ರ ಕೆಲವೇ ಕಾಗದಗಳಿಂದ: ಇತ್ತೀಚಿನ ಮೂರು ತಿಂಗಳ ಸಂಬಳದ ಚೀಟಿ, ಎರಡು ವರ್ಷಗಳ ಫಾರಂ 16, ಆರು ತಿಂಗಳ ಖಾತೆಯ ವಿವರ. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ಕುಳಿತು ನಿವೃತ್ತನಾದ ನಾನು ಬಲ್ಲೆ, ಈ ಕಾಗದಗಳೆಲ್ಲವೂ ನಿನ್ನೆಯ ಮಾತನ್ನು ಹೇಳುತ್ತವೆ. ನಾಳೆಯದನ್ನು ಅಧಿಕಾರಿಯು ಅವುಗಳಿಂದ ಊಹಿಸಿಕೊಳ್ಳಬೇಕು. ಆ ಊಹೆ ತಪ್ಪೆಂಬುದು ಅರ್ಜಿದಾರನೊಬ್ಬನಿಗೇ ತಿಳಿದಿದ್ದರೆ ಅವನ ಕರ್ತವ್ಯವೇನು?

2023ರಲ್ಲಿ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಈ ಪ್ರಶ್ನೆ ಎದುರಾಯಿತು. ಮನೆಯೊಂದಕ್ಕೆ ಕ್ರಯದ ಕರಾರಾಗಿ, ಐದು ಲಕ್ಷ ಮುಂಗಡವನ್ನೂ ಕೊಟ್ಟಾಗಿತ್ತು. ಉಳಿದ ಹಣಕ್ಕೆ ಮೂರು ತಿಂಗಳ ಗಡುವು. ಸಾಲ ಮಂಜೂರಾಗಿ, ಬಿಡುಗಡೆಗೆ ಹತ್ತು ದಿನಗಳಿದ್ದಾಗ ಬೇರೊಂದು ಸಂಸ್ಥೆಯಿಂದ ಹೆಚ್ಚಿನ ಸಂಬಳದ ನೇಮಕಾತಿ ಪತ್ರ ಬಂದಿತು. ಅವನು ಅದಕ್ಕೆ ಒಪ್ಪಿ ಸಹಿಯನ್ನೂ ಮಾಡಿದನು. ಸಾಲ ಕೊಡಿಸುವ ದಲ್ಲಾಳಿಯ ಸಲಹೆ ಸರಳವಾಗಿತ್ತು: ಹಣ ಬಿಡುಗಡೆಯಾದ ಮರುದಿನ ರಾಜೀನಾಮೆ ಕೊಡಿ, ಅಲ್ಲಿಯವರೆಗೆ ಬಾಯಿ ಬಿಡಬೇಡಿ.

"ದೊಡ್ಡಪ್ಪ, ನಾನು ಅರ್ಜಿಯಲ್ಲಿ ಬರೆದುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹೊಸ ಕೆಲಸದ ವಿಚಾರವನ್ನು ಅವರು ಕೇಳಿಯೇ ಇಲ್ಲ. ಕೇಳದ್ದಕ್ಕೂ ಉತ್ತರ ಹೇಳಬೇಕೆ?" ಎಂದು ಅವನು ದೂರವಾಣಿಯಲ್ಲಿ ನನ್ನನ್ನು ಕೇಳಿದನು.

ಪ್ರಶ್ನೆ ಹಗುರವಾದುದಲ್ಲ. ಬ್ಯಾಂಕುಗಳ ಈ ಎಚ್ಚರಿಕೆಯಲ್ಲಿ ಸ್ವಲ್ಪ ಅವಿವೇಕವೂ ಉಂಟೆಂಬುದನ್ನು ಒಳಗಿದ್ದವನಾಗಿ ನಾನು ಒಪ್ಪುತ್ತೇನೆ. ಮುಳುಗುತ್ತಿರುವ ಕಂಪನಿಯಲ್ಲಿ ಹತ್ತು ವರ್ಷ ಕುಳಿತವನು ಕಾಗದದ ಮೇಲೆ ಗಟ್ಟಿಗನು. ಹೆಚ್ಚಿನ ಸಂಬಳಕ್ಕೆ ಹೊರಟವನು ದುರ್ಬಲನು. ಆದರೂ ಎಚ್ಚರಿಕೆಗೆ ಕಾರಣವಿಲ್ಲದಿಲ್ಲ. ಹೊಸ ಕೆಲಸದಲ್ಲಿ ಮೊದಲ ಕೆಲವು ತಿಂಗಳು ಪ್ರೊಬೇಷನ್ ಅವಧಿ. ಆಗ ಅಲ್ಪ ನೋಟಿಸಿನಲ್ಲಿ ನೌಕರನನ್ನು ಕಳುಹಿಸಿಬಿಡಬಹುದು. ಆದುದರಿಂದ ಅನೇಕ ಬ್ಯಾಂಕುಗಳು ಹೊಸ ಸಂಬಳದ ಚೀಟಿಗಳು ಬರುವವರೆಗೆ ಕಾಯಿರಿ ಎನ್ನುತ್ತವೆ. ಅರ್ಜಿಯಲ್ಲಿ ಹೇಳಿದ ಸ್ಥಿತಿ ಬದಲಾದರೆ ತಿಳಿಸತಕ್ಕದ್ದೆಂಬ ಷರತ್ತು ಮಂಜೂರಾತಿ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅವನ ಪತ್ರದಲ್ಲಿಯೂ ಇತ್ತು. ಸಹಿ ಮಾಡುವವರು ಅದನ್ನು ಓದುವುದು ಅಪರೂಪ.

ಷರತ್ತು ಇಲ್ಲದಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಬರುತ್ತವೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಎಲ್ಲರಿಗೂ ತಿಳಿಯುವಂಥದು. ನನ್ನ ಹುಡುಗನು ಅದನ್ನು ಮಾಡಿರಲಿಲ್ಲ. ನಾನು ಅವನಿಗೆ ಹೇಳಿದುದು ನ್ಯಾಸಾಪಹಾರವನ್ನು ಕುರಿತು. ಒಬ್ಬನು ಹಣವನ್ನು ಒತ್ತೆಯಿಟ್ಟು ಹೋಗಿ, ಎಷ್ಟೆಂಬುದನ್ನು ಮರೆತು, ಬಂದು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು "ಹೌದು, ಅಷ್ಟೇ" ಎಂದುಬಿಡುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆ ಒಪ್ಪಿಗೆಯ ಮಾತನ್ನೇ ದೋಷವೆಂದು ಹೇಳಿದ್ದಾರೆ. ಇಲ್ಲಿ ಸುಳ್ಳನ್ನು ಕಟ್ಟಿದವನು ಯಾರೂ ಇಲ್ಲ. ಎದುರಿನವನ ಅಜ್ಞಾನವನ್ನು ಹಾಗೆಯೇ ನಿಲ್ಲಗೊಟ್ಟದ್ದು ಮಾತ್ರ. ಹಣದ ವಿಷಯವಾದರೂ ಇದನ್ನು ಅಚೌರ್ಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿರುವುದು ಗಮನಾರ್ಹ. ಹಣ ಬಿಡುಗಡೆಯ ದಿನ ಬ್ಯಾಂಕಿನವರ ಎದುರು ಕುಳಿತು ಸಹಿ ಹಾಕುವುದು, "ಹೌದು, ಅಷ್ಟೇ" ಎನ್ನುವುದಕ್ಕಿಂತ ಹೇಗೆ ಬೇರೆ?

ಹಾಗೆಂದು ಮನಸ್ಸಿನಲ್ಲಿ ಸುಳಿದುದನ್ನೆಲ್ಲ ಬ್ಯಾಂಕಿಗೆ ನಿವೇದಿಸಬೇಕೆಂದು ನಾನು ಹೇಳಲಾರೆ. ಕೆಲಸ ಬದಲಿಸುವ ಯೋಚನೆ ಯಾರಿಗಿಲ್ಲ? ಸಂದರ್ಶನಕ್ಕೆ ಹೋಗಿ ಬಂದುದೂ ತಿಳಿಸಬೇಕಾದ ಸಂಗತಿಯಲ್ಲ. ಆದರೆ ನೇಮಕಾತಿ ಪತ್ರಕ್ಕೆ ಸಹಿ ಬಿದ್ದು, ಸೇರುವ ದಿನ ಗೊತ್ತಾದ ಮೇಲೆ ಅದು ಯೋಚನೆಯಾಗಿ ಉಳಿಯುವುದಿಲ್ಲ. ಸಂಗತಿಯಾಗುತ್ತದೆ. ಕೆಲವರು ಹೊಸ ಸಂಸ್ಥೆಯನ್ನು ಕೇಳಿಕೊಂಡು ಸೇರುವ ದಿನವನ್ನು ಮುಂದೂಡಿ, ಅಷ್ಟರಲ್ಲಿ ಸಾಲ ಮುಗಿಸಿಕೊಳ್ಳುತ್ತಾರೆ. ದಿನ ಮುಂದೂಡಿದರೂ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ.

ಇನ್ನೊಂದು ಮಾತನ್ನೂ ಅವನಿಗೆ ಹೇಳಿದೆ. ಇದರಲ್ಲಿ ಬ್ಯಾಂಕಿಗಿಂತ ಹೆಚ್ಚಾಗಿ ನೋಯುವವರು ಬೇರೆ ಇದ್ದರು. ಅವನ ಹೆಂಡತಿ ಸಹ-ಅರ್ಜಿದಾರಳು. ಕಂತು ನಿಂತರೆ ಹೊಣೆ ಅವಳದೂ ಹೌದು. ಮನೆ ಮಾರುವವರು ವೃದ್ಧ ದಂಪತಿಗಳು. ಬಿಡುಗಡೆಗೆ ಮೊದಲು ಬ್ಯಾಂಕಿನವರು ಉದ್ಯೋಗದಾತರಿಗೆ ದೂರವಾಣಿ ಮಾಡಿ ವಿಚಾರಿಸುವುದುಂಟು. ನೋಂದಣಿಯ ಹಿಂದಿನ ದಿನ ಸಂಗತಿ ಬಯಲಾಗಿ ಹಣ ತಡೆದರೆ ಆ ದಂಪತಿಗಳ ಗತಿಯೇನು?

ಅವನು ಹೋಗಿ ತಿಳಿಸಿದನು. ಅಧಿಕಾರಿಯು ನಯವಾಗಿಯೇ ನೇಮಕಾತಿ ಪತ್ರದ ಪ್ರತಿಯನ್ನು ತೆಗೆದುಕೊಂಡು, ಹೊಸ ಸಂಸ್ಥೆಯ ಮೂರು ಸಂಬಳದ ಚೀಟಿಗಳೊಡನೆ ಮತ್ತೆ ಬರುವಂತೆ ಹೇಳಿ ಕಡತವನ್ನು ಬದಿಗಿಟ್ಟರು. ಕರಾರಿನ ಗಡುವನ್ನು ಎರಡು ತಿಂಗಳು ವಿಸ್ತರಿಸಬೇಕೆಂದು ಆ ದಂಪತಿಗಳನ್ನು ಕೇಳಲು ನಾನೂ ಅವನೊಡನೆ ಹೋಗಿದ್ದೆ. ಅವರಿಗೆ ಮಗಳ ಊರಿಗೆ ಹೋಗಿ ನೆಲಸುವ ಅವಸರ. ವಿಸ್ತರಿಸಲು ಒಪ್ಪಲಿಲ್ಲ. ಆದರೆ ವಿಷಯವನ್ನು ಮೊದಲೇ ತಿಳಿಸಿದುದರಿಂದ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸಿದರು. ಕರಾರಿನ ಪ್ರಕಾರ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಸಾಲದ ಅರ್ಜಿಗೆ ಕಟ್ಟಿದ ಶುಲ್ಕವೂ ವಕೀಲರಿಗೆ ಕೊಟ್ಟುದೂ ಹೋಯಿತು. ಆ ಮನೆ ಬೇರೊಬ್ಬರ ಪಾಲಾಯಿತು.

ಮುಂದಿನ ವರ್ಷ ಅವರು ಕೊಂಡ ಮನೆ ಅದಕ್ಕಿಂತ ಚಿಕ್ಕದು, ಕಚೇರಿಗೂ ದೂರ. ಸೊಸೆಗೆ ಆ ಮೊದಲಿನ ಮನೆಯ ಮುಂದಿನ ಸಂಪಿಗೆ ಮರದ ಮೇಲೆ ಬಹಳ ಆಸೆಯಿತ್ತು. ಕೆಲವು ತಿಂಗಳು ಅವಳು ನನ್ನೊಡನೆ ಅಷ್ಟಕ್ಕಷ್ಟೇ ಮಾತನಾಡುತ್ತಿದ್ದಳು. ನಾನೂ ಆ ವಿಷಯವನ್ನು ಎತ್ತಲಿಲ್ಲ. ಗೃಹಪ್ರವೇಶದ ಕರೆಯೋಲೆಯನ್ನು ಕೊಡಲು ಮಾತ್ರ ಅವಳೇ ಬಂದಳು.