ಮಣ್ಣಿನ ಯಾತ್ರೆ

ಬೆಳಗಾವಿಯ ಬಡಗಣ ಮಗ್ಗುಲಿಗಿರುವ ಕಾಕತಿಯು ಕಿತ್ತೂರು ರಾಣಿ ಚೆನ್ನಮ್ಮನ ಜನ್ಮಸ್ಥಳವೆಂದು ನಾಡಿಗೆಲ್ಲ ಪರಿಚಿತವಾದ ಊರು. ಅದರ ಸಮೀಪದಲ್ಲಿ ಹರಿಯುವ ಮಾರ್ಕಂಡೇಯ ನದಿಯು ಬೇಸಗೆಯಲ್ಲಿ ಬಡಕಲಾಗಿದ್ದು, ಆಷಾಢ ಶ್ರಾವಣಗಳಲ್ಲಿ ಕೆನ್ನೀರಿನಿಂದ ತುಂಬಿಕೊಳ್ಳುತ್ತದೆ. ದಾರಿಹೋಕನ ಕಣ್ಣಿಗೆ ಅದು ಹೊಸನೀರಿನ ಸೊಬಗು. ಹೊಲದೊಡೆಯನಿಗಾದರೋ ತನ್ನ ಭೂಮಿಯೇ ಕರಗಿ ಹೋಗುತ್ತಿರುವ ಗುರುತು.

ಈ ಮಣ್ಣು ಹೋಗುವುದೆಲ್ಲಿಗೆ? ಮಾರ್ಕಂಡೇಯವು ಗೋಕಾಕದ ಬಳಿ ಘಟಪ್ರಭೆಯನ್ನೂ, ಘಟಪ್ರಭೆಯು ಕೃಷ್ಣೆಯನ್ನೂ ಕೂಡಿಕೊಳ್ಳುತ್ತವೆ. ಕೃಷ್ಣೆಯು ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೆರೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯು ಪಡುವಣಕ್ಕೆ ತಿರುಗಿ, ಗೋವೆಯಲ್ಲಿ ಮಾಂಡೋವಿಯೆಂಬ ಹೆಸರು ತಳೆದು ಅರಬ್ಬೀ ಸಮುದ್ರಕ್ಕಿಳಿಯುತ್ತದೆ. ಹೀಗೆ ಒಂದೇ ಸೀಮೆಯ ನೀರು ಎರಡು ಕಡಲುಗಳ ಕಡೆಗೆ ಮಣ್ಣನ್ನು ಹೊತ್ತು ನಡೆಯುತ್ತದೆ.

ನೀರಿನ ವೇಗವು ಕುಗ್ಗಿದೊಡನೆ ಭಾರವಾದ ಮರಳು ಮೊದಲು ತಳ ಹಿಡಿಯುತ್ತದೆ, ಬಳಿಕ ನವಿರಾದ ಹೂಳು, ಕಟ್ಟಕಡೆಗೆ 0.002 ಮಿಲಿಮೀಟರಿಗಿಂತಲೂ ಕಿರಿದಾದ ಜೇಡಿಯ ಕಣ. ಸಿಹಿನೀರಿನಲ್ಲಿ ತೇಲುತ್ತಿದ್ದ ಈ ಕಣಗಳು ಉಪ್ಪುನೀರಿನ ಸಂಪರ್ಕದಿಂದ ಒಂದಕ್ಕೊಂದು ಅಂಟಿ, ತೂಕಗೊಂಡು ಕಡಲ ತಳಕ್ಕಿಳಿಯುತ್ತವೆ. ವಿಜ್ಞಾನಿಗಳು ಆ ತಳಕ್ಕೆ ಕೊಳವೆಯನ್ನಿಳಿಸಿ ಕೆಸರಿನ ಕಂಬವನ್ನು ಮೇಲೆತ್ತುತ್ತಾರೆ. ಅದರಲ್ಲಿರುವ ಸೀಸ-210 ಎಂಬ ವಿಕಿರಣಶೀಲ ವಸ್ತುವು ಸುಮಾರು 22 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇದರಿಂದ ಯಾವ ಪದರವು ಎಷ್ಟು ಹಳೆಯದು, ವರ್ಷಕ್ಕೆ ಎಷ್ಟು ಮಣ್ಣು ಸಂಚಯವಾಯಿತು ಎಂಬುದನ್ನು ಗಣಿಸಬಹುದು.

ಆದರೆ ಇಂದು ನದಿಯ ಮಣ್ಣೆಲ್ಲವೂ ಕಡಲನ್ನು ಮುಟ್ಟುವುದಿಲ್ಲ. ಅಣೆಕಟ್ಟುಗಳ ಹಿಂದೆ ನೀರು ನಿಂತಲ್ಲಿ ಹೂಳೂ ನಿಲ್ಲುತ್ತದೆ. ಕೃಷ್ಣೆಯ ಉಪನದಿಯಾದ ತುಂಗಭದ್ರೆಯ ಜಲಾಶಯವು 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದಾಗಿತ್ತು, 2016ರ ಸಮೀಕ್ಷೆಯ ವೇಳೆಗೆ ಆ ಸಾಮರ್ಥ್ಯವು ಸುಮಾರು 106ಕ್ಕೆ ಇಳಿದಿತ್ತು. ಹೂಳು ಆಕ್ರಮಿಸಿಕೊಂಡುದು ರೈತರ ಪೈರಿಗೆ ಒದಗಬೇಕಾಗಿದ್ದ ನೀರಿನ ತಾಣವನ್ನು. ಅತ್ತ ಕೃಷ್ಣೆಯ ಮುಖಜಭೂಮಿಯಲ್ಲಿ ಹೊಸ ಮಣ್ಣಿನ ಪೂರೈಕೆ ಸಾಲದೆ, ಕೆಲವೆಡೆ ಕಡಲು ದಡವನ್ನು ಕೊರೆಯುತ್ತಿದೆ.

ಮಣ್ಣು ಒಂದೇ, ಹೊಲದಲ್ಲಿ ಅದು ಅನ್ನ, ಜಲಾಶಯದಲ್ಲಿ ಹೊರೆ, ಕಡಲಂಚಿನಲ್ಲಿ ಕಾವಲು. ಹೊಲವನ್ನು ಬಿಟ್ಟ ಮಣ್ಣು ಕಡಲಿಗೂ ದಕ್ಕದೆ ನಡುದಾರಿಯಲ್ಲೇ ಉಳಿದರೆ ಅದರಿಂದ ಯಾರಿಗೂ ಹಿತವಿಲ್ಲ. ಅಂಗುಲದಷ್ಟು ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಅದು ಕೊಚ್ಚಿಹೋಗಲು ಕೆಲವು ಮಳೆಗಾಲಗಳು ಸಾಕು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಅದರ ಮೇಲೆ ಹುಲ್ಲು ಬೆಳೆಸುವ ರೈತನು ತನ್ನ ಹೊಲವನ್ನಷ್ಟೇ ಕಾಯುವುದಿಲ್ಲ. ತಾನೆಂದೂ ಕಾಣದ ದೂರದ ಊರಿನ ನೀರನ್ನೂ ಕಾಯುತ್ತಾನೆ.