ಕಂಬದ ಬಣ್ಣ

ಮರಕ್ಕೆ ಬಣ್ಣವನ್ನು ಬಳಿಯುವದು ಒಂದು ದಿನದ ಕೆಲಸ. ಬಳಿದುದನ್ನು ತೆಗೆಯುವದು ವಿವೇಕದ ಕೆಲಸ. ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಮಾಳಿಗೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ ಇದು ತಿಳಿಯದ ಮಾತಲ್ಲ. ಪಡಸಾಲೆಯ ಕಂಬ, ಬೋದಿಗೆ, ದೇವರಮನೆಯ ಚೌಕಟ್ಟು ಇವೆಲ್ಲ ಒಂದು ಕಾಲಕ್ಕೆ ಎಣ್ಣೆಯನ್ನುಂಡು ಕಪ್ಪಾಗಿ ಹೊಳೆಯುತ್ತಿದ್ದವು. ತರುವಾಯ ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಆಯಿಲ್‌ಪೇಂಟು ಪದರುಪದರಾಗಿ ಕುಳಿತು, ಕೆತ್ತಿದ ಹೂವು ಯಾವುದು, ಬಳ್ಳಿ ಯಾವುದು ಎಂಬುದೇ ತಿಳಿಯದಂತಾಯಿತು.

ನರಗುಂದದ ಗುಡ್ಡದ ಕೆಳಗೆ ಅಂಥದೊಂದು ಮನೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅಷ್ಟರೊಳಗೆ ಹಸಿರು ಬಣ್ಣವನ್ನು ತೆಗೆಯಿಸಿ ಕಂಬಗಳಿಗೆ ಮೊದಲಿನ ಕಳೆಯನ್ನು ತರಬೇಕೆಂಬುದು ಯಜಮಾನರ ಹಂಬಲ. ಕೈಯಿಂದ ತಿಕ್ಕಿದರೆ ತಿಂಗಳುಗಟ್ಟಲೆ ಬೇಕು. ಆದುದರಿಂದ ಮನೆಯ ಬಡಿಗನನ್ನು ಕರೆದುಕೊಂಡು, ವಿದ್ಯುತ್ತಿನ ಸ್ಯಾಂಡರನ್ನು ಕೊಳ್ಳಲು ಗದಗಿಗೆ ಹೋದರು.

ಅಂಗಡಿಯಲ್ಲಿ ಮೂರು ಬಗೆಯವಿದ್ದವು. ಒಂದರಲ್ಲಿ ಉಸುಕುಕಾಗದದ ಪಟ್ಟಿಯು ಎರಡು ಉರುಳೆಗಳ ಮೇಲೆ ಓಡುವದು. ಅದರ ವೇಗ ಬಹಳ, ಆದರೆ ಕ್ಷಣಕಾಲ ಒಂದೆಡೆ ನಿಂತರೂ ಮರದಲ್ಲಿ ತಗ್ಗು ಬೀಳುವದು. ಇನ್ನೊಂದರ 5 ಅಂಗುಲದ ದುಂಡು ಬಿಲ್ಲೆಯು ತಿರುಗುತ್ತಲೇ ಅತ್ತಿತ್ತ ಓಲಾಡುವದರಿಂದ ಮರದ ಮೇಲೆ ಸುಳಿಗೆರೆಗಳು ಕಡಿಮೆ. ಮೂರನೆಯದು ತ್ರಿಕೋನ ಮೂತಿಯದು, ಮೂಲೆಗಳಿಗೆ ತಕ್ಕುದು. ವೇಗಕ್ಕೆ ಮನಸೋತ ಯಜಮಾನರು ಪಟ್ಟಿಯ ಯಂತ್ರದ ಮೇಲೆ ಕೈಯಿಟ್ಟರು.

"ಅಜ್ಜಾರ, ಬಣ್ಣ ಹೋಗೂದೇನೋ ಹೊಕ್ಕೈತಿ, ಅದರ ಕೂಡ ಕೆತ್ತಿದ್ದೂ ಹೊಕ್ಕೈತಲ್ರೀ!" ಎಂದನು ಬಡಿಗ.

ಆ ಮಾತಿಗೆ ತಲೆದೂಗಿ ದುಂಡು ಬಿಲ್ಲೆಯದನ್ನು ಕೊಂಡು ತಂದರು. ಅಂದು ರಾತ್ರಿ ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಹಿಗ್ಗಲಿಲ್ಲ.

"ಅಪ್ಪಾ, ಆ ಬಣ್ಣ ಎಷ್ಟು ವರ್ಷದ್ದು? ಅದರಾಗ ಸೀಸ ಇರಬಹುದು. ಒಣಾ ತಿಕ್ಕಸಬ್ಯಾಡ."

ಅವಳ ಶಂಕೆ ನಿರಾಧಾರವಾದುದಲ್ಲ. ಹಳೆಯ ಎಣ್ಣೆಬಣ್ಣಗಳಲ್ಲಿ ಹೊಳಪಿಗೂ ಬೇಗ ಒಣಗುವದಕ್ಕೂ ಸೀಸದ ಸಂಯುಕ್ತಗಳನ್ನು ಬೆರೆಸುವ ವಾಡಿಕೆಯಿತ್ತು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿಯನ್ನು ಗೊತ್ತುಪಡಿಸಿದ ನಿಯಮವು 2016ರದು. ಅದು ಜಾರಿಗೆ ಬಂದುದು 2017ರ ನವೆಂಬರ 1ರಿಂದ. ಅದಕ್ಕೂ ಹಿಂದಿನ ಬಣ್ಣವನ್ನು ಪರೀಕ್ಷೆಯಿಲ್ಲದೆ ನಂಬಲಾಗದು. ಮರಕ್ಕೆ ಬಿಗಿಯಾಗಿ ಅಂಟಿಕೊಂಡಿರುವವರೆಗೆ ಅದರ ಬಾಧೆ ಸ್ವಲ್ಪ. ಯಂತ್ರವು ಅದನ್ನು ಧೂಳು ಮಾಡಿದರೆ ಕಣ್ಣಿಗೆ ಕಾಣದಂತೆ ಚಾಪೆ, ಹಾಸಿಗೆ, ನೀರಿನ ಕೊಡಗಳ ಮೇಲೆ ಕೂಡುವದು. ಯಂತ್ರದ ಬಟ್ಟೆಯ ಚೀಲವು ಅದನ್ನು ತಡೆಯಲಾರದು. ಗರ್ಭಿಣಿಯ ಉಸಿರಿನಿಂದ ಅದು ಶಿಶುವನ್ನು ಮುಟ್ಟುವದು. ಎಳೆಯ ಮಿದುಳಿಗೆ ಇಷ್ಟು ಸೀಸ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲ. ಬಿಸಿಗಾಳಿಯ ಯಂತ್ರದಿಂದ ಅತಿಯಾಗಿ ಕಾಯಿಸಿದರೆ ವಿಷದ ಹೊಗೆಯೇಳುವದು.

ಹಾಗಾದರೆ ಹಳೆಯ ಮರಕ್ಕೆ ಗತಿಯೇನು? ಬಸುರಿಯರೂ ಮಕ್ಕಳೂ ಮನೆಯಲ್ಲಿಲ್ಲದ ಕಾಲವನ್ನು ನೋಡಬೇಕು. ಬಣ್ಣ ಕರಗಿಸುವ ಲೇಪವನ್ನು ಹಚ್ಚಿ, ಹಸಿಯಾಗಿರುವಾಗಲೇ ಕೆರೆದು, ಕೆರೆದುದನ್ನು ಹಾಳೆಯಲ್ಲಿ ಕೂಡಿಹಾಕಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಬರಿಮರ ಕಂಡ ಮೇಲೆಯೇ ಸ್ಯಾಂಡರಿನ ಸರದಿ. ಆಗಲೂ ಅದಕ್ಕೆ ಸೂಕ್ಷ್ಮ ಧೂಳನ್ನು ಹಿಡಿಯುವ ಹೆಪಾ ಸೋಸಣಿಗೆಯುಳ್ಳ ಯಂತ್ರವನ್ನು ಜೋಡಿಸಿ, ಮೂಗಿಗೆ ತಕ್ಕ ಕವಚವನ್ನು ಕಟ್ಟಿಕೊಂಡು, 80, 120, 180 ಸಂಖ್ಯೆಯ ಕಾಗದಗಳನ್ನು ಕ್ರಮವಾಗಿ ಬಳಸಬೇಕು. ಕೆತ್ತನೆಗೆ ಯಂತ್ರವನ್ನು ಮುಟ್ಟಿಸದೆ ಕೈಯನ್ನೇ ನಂಬಬೇಕು.

ಯಜಮಾನರು ಒಂದು ದಿನ ಮುನಿಸಿನಿಂದ ಸುಮ್ಮನಿದ್ದರು. ಮರುದಿನ ಬಡಿಗನನ್ನು ಕರೆಯಿಸಿ ಹೊಸ ಸಾಗವಾನಿಯ ಹಲಗೆಗಳನ್ನು ತರಿಸಿದರು. ಹಿತ್ತಲಿನಲ್ಲಿ ಆ ಸ್ಯಾಂಡರು ಮೊದಲು ನುಣುಪು ಮಾಡಿದುದು ತೊಟ್ಟಿಲನ್ನು. ಮಗು ಕಚ್ಚಿದರೂ ಕೇಡಿಲ್ಲದಂತೆ ಅದಕ್ಕೆ ಯಾವ ಬಣ್ಣವನ್ನೂ ಹಚ್ಚಲಿಲ್ಲ. ಹಸಿರು ಕಂಬಗಳ ನಡುವೆ ಬರಿಮರದ ಆ ತೊಟ್ಟಿಲು ತೂಗಿತು. ಕಂಬಗಳು ಇಷ್ಟು ವರ್ಷ ಕಾದಿದ್ದವು. ಇನ್ನೊಂದು ವರ್ಷ ಕಾಯುವದು ಅವುಗಳಿಗೆ ಭಾರವಾಗಲಿಲ್ಲ.