ಒಟ್ಟೆ ಮುಕ್ಕಾಲು

ಬದಿಯಡ್ಕದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ನಾಣ್ಯದ ಆಲ್ಬಮಿನಲ್ಲಿ ಒಂದು ಗೂಡು ಬಹುಕಾಲ ಬರಿದಾಗಿತ್ತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಚಿಲ್ಲರೆಗೆ ಮೀಸಲಾದ ಪುಟವದು. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು. ಐದೇ ತಿಂಗಳಲ್ಲಿ ನಯಾಪೈಸೆ ಬಂದು ಆಣೆಯ ಲೆಕ್ಕವೂ ಬದಲಾಯಿತು. ಅಲ್ಲಿಗೆ ಬೇಕಾಗಿದ್ದುದು 1945ರ ತೂತಿನ ಪೈಸೆ, ಊರವರ ಬಾಯಲ್ಲಿ ಒಟ್ಟೆ ಮುಕ್ಕಾಲು. ಯುದ್ಧಕಾಲದ ಲೋಹದ ಅಭಾವ ಅದರ ನಡುವನ್ನೇ ಕಿತ್ತುಕೊಂಡಿತ್ತು.

ಮಗಳು ತರಿಸಿಕೊಟ್ಟಳು. ಬಂದದ್ದು ಮಾತ್ರ ಬೆಸೆದ ಪ್ಲಾಸ್ಟಿಕ್ ಡಬ್ಬಿಯೊಳಗೆ, 70ಕ್ಕೆ 64 ಅಂಕದ ಚೀಟಿಯೊಡನೆ. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವರಿಗೆ ಆ ಅಂಕ ನಗು ತರಿಸಿತು. ಡಬ್ಬಿ ಒಡೆದರೆ ಅಂಕದ ಖಾತರಿ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ ಎಂದು ಮಗಳು ಎಚ್ಚರಿಸಿದಳು. ಕಂಚಿಗೆ ಬೆರಳಿನ ಬೆವರೂ ಶತ್ರುವೇ. ಅವರು ಮೂರು ದಿನ ಯೋಚಿಸಿದರು. ಅಜ್ಜಿ ನೂಲಿನಲ್ಲಿ ಪೋಣಿಸಿಡುತ್ತಿದ್ದ ನಾಣ್ಯ. ಡಬ್ಬಿಯೊಳಗೆ ಅದರ ತೂತಿಗೆ ನೂಲೂ ಹೋಗದು.

ನಾಲ್ಕನೆಯ ದಿನ ಡಬ್ಬಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮೂಲೆಯನ್ನು ಇಕ್ಕುಳದಿಂದ ಅದುಮಿದರು. ಬೆಸುಗೆ ಬಿರಿಯಿತು. ಅಂಚನ್ನಷ್ಟೇ ಹಿಡಿದು ನಾಣ್ಯವನ್ನೆತ್ತಿ, ಗೂಡಿನಲ್ಲಿ ಕೂರಿಸುವ ಮುನ್ನ ಒಮ್ಮೆ ಕಣ್ಣಿನ ಮುಂದೆ ಹಿಡಿದರು. ತೂತಿನಾಚೆ ಅಂಗಳದಲ್ಲಿ ಒಣಗುತ್ತಿದ್ದ ಅಡಕೆ ಕಾಣಿಸಿತು. ಅಂಕದ ಚೀಟಿಯನ್ನು ಎಸೆಯಲಿಲ್ಲ. ಅದೇ ಪುಟದ ಹಿಂದೆ ಸಿಕ್ಕಿಸಿಟ್ಟರು.